ಖಂಡೇಪೂಜೆಯ ದಿನ ತಿರುಗಿದ ಪಂಪು

ಮನುಷ್ಯರ ಕೈ ಸೋಕದೆ ಯಂತ್ರ ತಿರುಗಿತು ಎಂದು ಯಾರಾದರೂ ಹೇಳಿದ್ದರೆ ಮೊದಲೆಲ್ಲ ನಾನು ನಕ್ಕುಬಿಡುತ್ತಿದ್ದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಿಜ, ಆದರೆ ದೆವ್ವ ಭೂತ ನಂಬಿದವಳಲ್ಲ. ನೀವು ನಂಬಲೇಬೇಕೆಂದು ಹಟವಿಲ್ಲ. ಕಂಡದ್ದು ಹೇಳುತ್ತೇನೆ.

ಮುಂಡಗೋಡದ ಹತ್ತಿರ, ಕೆರೆಯ ನೀರನ್ನು ಮೇಲಿನ ಹೊಲಗಳಿಗೆ ಏರಿಸುವ ಪಂಪ್‌ಹೌಸಿನಲ್ಲಿ ಕಸ ಗುಡಿಸುವ ಕೆಲಸ ನನ್ನದು. ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಪಂಪು ಸುರು ಮಾಡುವುದು, ನಿಲ್ಲಿಸುವುದು ಎಲ್ಲ ಅದರಿಂದಲೇ. ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಯಂತ್ರಕ್ಕೂ ವಿಶ್ರಾಂತಿ. ಮೋಟರಿನ ಮೇನ್ ಸ್ವಿಚ್ ಇಳಿಸಿ ಆಪರೇಟರು ಊಟಕ್ಕೆ ಹೋದರು. ನಾನು ಮೋಟರಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಹೊಸ್ತಿಲಲ್ಲಿ ಕುಳಿತೆ. ಹಾಡುಹಗಲು. ಬೆನ್ನ ಹಿಂದೆ ಮೋಟರು ಗುಂಯ್ ಎಂದಿತು. ತಿರುಗಿ ನೋಡಿದರೆ ಮಾಲೆ ಹರಿದು ಹೂವು ಗೋಡೆಗೆ ಬಡಿಯುತ್ತಿದ್ದವು. ಸ್ವಿಚ್ಚಿನ ಹಿಡಿ ಕೆಳಗೇ ಇತ್ತು. ಓಡಿಹೋಗಿ ಆಪರೇಟರನ್ನು ಕರೆತರುವಷ್ಟರಲ್ಲಿ ಪಂಪು ತಾನಾಗಿ ನಿಂತಿತ್ತು. ಮೇಲಿನ ಹೊಲಗಳಲ್ಲಿ ರೈತರು ಒಣಹಾಕಿದ್ದ ಗೋವಿನಜೋಳವೆಲ್ಲ ನೀರು ನುಗ್ಗಿ ತೊಯ್ದು ತೊಪ್ಪೆ.

ಮರುದಿನ ರೈತರು ಬಂದು ನಿಂತರು. ಪಂಪ್‌ಹೌಸಿನ ಸಾಹೇಬನಿಗೆ ತಪ್ಪು ಹೊರಿಸಲು ಯಾರಾದರೊಬ್ಬರು ಬೇಕಾಗಿತ್ತು.

“ನೀರು, ವಿಭೂತಿ ಅಂತ ಒಳಗ ಏನು ಸುರುವಿದಿ ಮುದುಕಿ? ನಾಳಿಂದ ಬರಬ್ಯಾಡ.”

ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಎಷ್ಟು ವರ್ಷ ದುಡಿದಿದ್ದೆ ಅಲ್ಲಿ. ಒಂದು ಮಾತು ಕೇಳಲಿಲ್ಲ ಆ ಮನುಷ್ಯ.

ದಸರೆಗೆ ಬಂದಿದ್ದ ಮೊಮ್ಮಗಳು ಶಿವಲೀಲಾ ಜೊತೆಗಿದ್ದಳು. ನನ್ನ ಬಂಗಾರ. ಎಂಜಿನಿಯರಿಂಗ್ ಕಲಿತು ಸಂಶೋಧನೆ ಮಾಡುತ್ತಿದ್ದಳು: ಯಂತ್ರಕ್ಕೆ ಹೋಗುವ ಅಪ್ಪಣೆ ಖರೇ ಯಜಮಾನನದೋ ಕಳ್ಳನದೋ ಎಂದು ಪತ್ತೆಹಚ್ಚುವ ವಿದ್ಯೆ.

“ಸಾಹೇಬ್ರ, ನಮ್ಮ ಆಯಿಗೆ ಮೊದಲ ರೀ ಹಚ್ಚಿ ಮಾತಾಡ್ರಿ. ಆಮ್ಯಾಲೆ ತಪ್ಪು ಹುಡುಕೂಣು.”

“ನೀ ಯಾರವಾ, ವಕೀಲೇನು?”

“ಮೊಮ್ಮಗಳ್ರಿ. ಇದ ನನ್ನ ಓದು.”

ಮೋಟರಿನ ಸ್ವಿಚ್ಚಿನ ಡಬ್ಬಿ ಬಿಚ್ಚಿಸಿದಳು. ಒಳಗೆ ಒಂದು ಹನಿ ಇಲ್ಲ. ಕಂಪ್ಯೂಟರಿಗೆ ಟೆಲಿಫೋನ್ ತಂತಿ ಇತ್ತು. ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲಿಂದಲಾದರೂ ಪಂಪು ಸುರು ಮಾಡಬಹುದಂತೆ. ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದರು.

“ಊರಿಗೆಲ್ಲ ಕೀಲಿಕೈ ಕೊಟ್ಟು, ಕಸ ಹೊಡಿಯಾಕಿ ಮ್ಯಾಲೆ ತಪ್ಪು ಹೊರಸ್ತೀರೇನ್ರಿ?”

ರೈತರು ನಕ್ಕರು. ಸಾಹೇಬ ನನ್ನ ಕಡೆ ನೋಡದೆ “ನಾಳೆ ಕೆಲಸಕ್ಕ ಬರ್ರಿ” ಅಂದ. ಆಮೇಲೆ ಶಿವಲೀಲಾಗೆ, “ಹಂಗಾರ ಹೊರಗಿನವರ ಕಿತಾಪತಿ ಅಂತ ಬರದು ಕೊಡವಾ, ಮುಗೀತು” ಎಂದ.

“ಬರಿಯಾಕ ಬರಂಗಿಲ್ರಿ. ಅಪ್ಪಣೆ ಬಂದದ್ದಕ್ಕ ಕಂಪ್ಯೂಟರಿನ್ಯಾಗ ಗುರುತಿಲ್ಲ. ಬಂದಿದ್ರೂ ಮೇನ್ ಇಳಿದಿತ್ತು. ಕರೆಂಟಿಲ್ದ ಹೆಂಗ ತಿರುಗ್ತೈತಿ?”

“ಪಂಪು ತಿರುಗೂವಾಗ ಇಳಿದಿತ್ತು ಅನ್ನಾಕಿ ನಿಮ್ಮ ಆಯಿ ಒಬ್ಬಾಕೀನ.”

“ಹೌದ್ರಿ. ಆಕಿ ನೋಡ್ಯಾಳ. ಅದನ್ನ ಬಿಟ್ಟು ನಾ ಲೆಕ್ಕ ಹಾಕಂಗಿಲ್ಲ.”

ಅವತ್ತು ನನಗೆ ಅಳು ಬಂತು. ಅಷ್ಟು ಓದಿದವಳು, ಸುಲಭದ ಉತ್ತರ ಕೈಯಲ್ಲಿದ್ದರೂ ನನ್ನ ಕಣ್ಣನ್ನು ಸುಳ್ಳು ಮಾಡಲಿಲ್ಲ.

ಆಕೆಗೆ ಡಾಕ್ಟರೇಟ್ ಬಂದಾಗ ಓಣಿಗೆಲ್ಲ ಸಕ್ಕರೆ ಹಂಚಿ, ಸಂಜೆ ಮೆಲ್ಲಗೆ ಕೇಳಿದೆ: “ಆ ಪಂಪು ಯಾಕ ತಿರುಗಿತವಾ?” “ತಿಳೀವಲ್ದು ಆಯಿ” ಅಂದಳು. ನನಗೂ ತಿಳಿದಿಲ್ಲ.