ಹನ್ನೊಂದರ ಕಾಲಿಗೆ ಎಂಟರ ಬೂಟು

ಕುವೈತಿನ ಮೀನಾ ಅಬ್ದುಲ್ಲಾದ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಸ್ಟೋರ್‌ಕೀಪರ್. ಹೆಲ್ಮೆಟ್, ಕೈಗವಸು, ಸೇಫ್ಟಿ ಬೂಟು ಹಂಚುವುದು ನನ್ನ ಕೆಲಸ. ಕಿಟಕಿಯ ಆಚೆ ನಿಂತವರೆಲ್ಲ ಕಳ್ಳರು ಎಂಬುದು ನಾನು ಎಷ್ಟೋ ವರ್ಷ ಸಾಕಿಕೊಂಡು ಬಂದ ಜ್ಞಾನ. ಥೂ, ಎಂಥ ಜ್ಞಾನ!

ನಮ್ಮ ಕಡೆಯವರು ಕಂಪನಿಯ ಹೊಸ ಬೂಟು ತಾವು ಹಾಕುವುದಿಲ್ಲ. ಊರಿನಲ್ಲಿರುವ ತಮ್ಮನದೋ ಭಾವನದೋ ಅಳತೆ ಹೇಳಿ ತೆಗೆದುಕೊಂಡು ಕಾರ್ಗೋ ಪೆಟ್ಟಿಗೆಗೆ ತುಂಬುತ್ತಾರೆ, ತಾವು ಹಳೆಯದನ್ನೇ ಸವೆಸುತ್ತಾರೆ. ಉಡುಪಿ ಕಡೆಯ ಕ್ರೇನ್ ಆಪರೇಟರ್ ಒಬ್ಬ, ನಲವತ್ತು ದಾಟಿದವನು, ಎಂಟರ ಬದಲು ಒಂಬತ್ತು ಕೇಳಿದಾಗ ಹೋಗಲಿ ಎಂದು ಕೊಟ್ಟೆ. ಮರುವರ್ಷ ಹತ್ತು ಕೇಳಿದ.

"ಕಾಲು ಬೆಳೀಲಿಕ್ಕೆ ನೀನೆಂಥ ಶಾಲೆಗೆ ಹೋಗುವ ಮಗುವಾ? ತಮ್ಮನಿಗೆ ಅಂತ ಹೇಳು."

"ಅಲ್ಲ ಮಾರಾಯ್ರೆ, ಬೂಟು ಕಚ್ತದೆ. ತಲೆನೋವೂ ಉಂಟು."

"ಖಲಾಸ್" ಎಂದು ಎಂಟರದ್ದನ್ನೇ ತಳ್ಳಿದೆ. ಅದರ ಮರುವರ್ಷ ಹನ್ನೊಂದು ಕೇಳಿದ, ಆಗಲೂ ಎಂಟೇ. ಕೇಳಿದ ಅಳತೆಗಳನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು ಕೆಂಪು ಗೆರೆ ಎಳೆದಿಟ್ಟೆ.

ಅವನ ದವಡೆ ಮುಂದೆ ಬಂದಿತ್ತು, ಹಲ್ಲುಗಳ ನಡುವೆ ಸಂದು ಬಿದ್ದಿತ್ತು, ಮದುವೆಯ ಉಂಗುರ ಕತ್ತರಿಸಿ ತೆಗೆಸಿದ್ದ. ರೂಮಿನ ಪಂಡಿತರು "ಖುಬೂಸ್ ರೊಟ್ಟಿ ಕಮ್ಮಿ ತಿನ್ನು" ಎಂದರು. ಕ್ಲಿನಿಕ್ಕಿನ ಮಹಾಶಯ ತಲೆಯೆತ್ತದೆ ನೋವಿನ ಮಾತ್ರೆ ಬರೆದ. ನಾನೋ, ಅವರೆಲ್ಲರಿಗಿಂತ ಬುದ್ಧಿವಂತ, ಕಳ್ಳನನ್ನೇ ಹಿಡಿದಿದ್ದೆ!

ಒಂದು ಬೆಳಿಗ್ಗೆ ಅವನ ಕ್ರೇನಿನ ತೋಳು ಪಕ್ಕದ ಕಂಬಕ್ಕೆ ಬಡಿಯಿತು. ಕಂಬ ಅವನಿಗೆ ಕಂಡೇ ಇರಲಿಲ್ಲ. ದೊಡ್ಡಾಸ್ಪತ್ರೆಗೆ ನನ್ನನ್ನೇ ಜೊತೆಗೆ ಕಳಿಸಿದರು. ಹಾರ್ಮೋನ್ ಡಾಕ್ಟರಿಗೆ ಅವನ ಕೈ ಕುಲುಕಿದ ಕೂಡಲೇ ಅನುಮಾನ ಬಂತು. ಮೆದುಳಿನ ಬುಡದಲ್ಲಿ ಬಟಾಣಿಯಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಅದು ಬೆಳವಣಿಗೆಯ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತಾ ಕಣ್ಣಿನ ನರವನ್ನೂ ಒತ್ತುತ್ತಿತ್ತು. ಆಕ್ರೊಮೆಗಲಿ ಎಂಬ ಅಪರೂಪದ ಕಾಯಿಲೆಯಂತೆ. ಬೇಗ ಬಂದಿದ್ದರೆ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದರು. ಚಪ್ಪಲಿಯ ಅಳತೆ ಬದಲಾದದ್ದನ್ನು ಯಾರೂ ಗಮನಿಸಲಿಲ್ಲವೇ ಎಂದು ನನ್ನನ್ನೇ ಕೇಳಿದರು.

ಗಮನಿಸಿದ್ದೆ. ನನ್ನದೇ ಅಕ್ಷರದಲ್ಲಿ, ಸಹಿ ಸಮೇತ.

ಮೂಗಿನ ಮೂಲಕ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಕಣ್ಣಂಚಿನ ನೋಟ ಮರಳಲಿಲ್ಲ. ಕ್ರೇನ್ ಕೈತಪ್ಪಿತು, ಅಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ರದ್ದಾಯಿತು. ಊರಿಗೆ ಹೊರಡುವ ಮುನ್ನ ಹೆಲ್ಮೆಟ್ ವಾಪಸು ಕೊಡಲು ಬಂದ. ನಾನು ದೊಡ್ಡ ಮನುಷ್ಯನ ಹಾಗೆ ಹನ್ನೊಂದರ ಹೊಸ ಜೋಡಿ ಮುಂದಿಟ್ಟೆ, ಸಾಲದ್ದಕ್ಕೆ ಹತ್ತರದ್ದನ್ನೂ.

"ಇದು ತಮ್ಮನಿಗೆ ಇರಲಿ."

ಅವನು ಹನ್ನೊಂದರದ್ದನ್ನು ಹಾಕಿಕೊಂಡು ಲೇಸು ಕಟ್ಟಿ, ಹತ್ತರದ್ದನ್ನು ನನ್ನತ್ತ ಸರಿಸಿದ.

"ನನಗೆ ತಮ್ಮ ಇಲ್ಲ ಮಾರಾಯ್ರೆ. ನೀವು ಕೇಳ್ಲೇ ಇಲ್ಲ."