ಅವ್ವನ ಬದಲು ನಾನು ಕೊಟ್ಟ ಬಾಟಲಿ

ಆ ಡಾಕ್ಟರನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ತೊಂಬತ್ತರ ದಶಕ. ಮಸ್ಕಿಯ ನಮ್ಮ ಮನೆಯಲ್ಲಿ ಅವ್ವ ಗರ್ಭಕೋಶದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಳು. ವಾಸಿಯಾಗುವ ಮಾತು ಮುಗಿದಿತ್ತು, ಉಳಿದದ್ದು ನೋವು. ಲಿಂಗಸುಗೂರಿನ ಖಾಸಗಿ ಡಾಕ್ಟರನೊಬ್ಬ ನೋವಿಗೆ ಬಿಳಿ ಗುಳಿಗೆ ಕೊಡುತ್ತಿದ್ದ. ಅದನ್ನು ನುಂಗಿದರೆ ಅವ್ವ ಎದ್ದು ಕೂತು ಲಿಂಗಪೂಜೆ ಮಾಡಿಕೊಳ್ಳುವಳು, ಎರಡು ತುತ್ತು ನುಚ್ಚು ಉಣ್ಣುವಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಗುಳಿಗೆ ತರುವುದು ನನ್ನ ಕೆಲಸ.

ಒಂದು ದಿನ ಅವನು ಸಣ್ಣ ಬಾಟಲಿ ಕೈಗಿಟ್ಟ.

"ನಾಳಿ ಮುಂಜಾನೆ ನಿಮ್ಮವ್ವನ ಮೂತ್ರ ತಗೊಂಡು ಬಾ. ಪರೀಕ್ಷೆಗೆ ಹೈದರಾಬಾದಿಗೆ ಕಳಸಬೇಕು."

"ಯಾಕ್ರೀ ಸಾಹೇಬ್ರ?"

"ಹೇಳಿದಷ್ಟು ಮಾಡು."

ಮನೆಗೆ ಬಂದು ಹೇಳಿದರೆ ಅವ್ವ ನಾಚಿಕೆಯಿಂದ ಗೋಡೆಗೆ ಮುಖ ತಿರುಗಿಸಿದಳು. "ಯವ್ವಾ, ನನ್ನ ಉಚ್ಚಿ ರಗತದಂಗ ಕೆಂಪ ಐತಿ, ನಾರತೈತಿ. ಅದನ್ನ ನೋಡಿ, ಇಕಿಗೆ ಗುಳಿಗಿ ತಡಿಯಂಗಿಲ್ಲ ಅಂತ ಬಂದ್ ಮಾಡಿದ್ರ? ನೀ ಗಟ್ಟಿ ಅದಿ, ನಿಂದ ಕೊಡು. ಮಂದಿಗೆ ಕೊಡಾದು ಚೊಲೋದ ಇರಬೇಕು."

ಸೇರು ಜೋಳ ಕಡ ಕೊಡುವಾಗಲೂ ಕಲ್ಲು ಆರಿಸಿ, ಹಸನು ಮಾಡಿ ಕೊಡುವ ಮನೆ ನಮ್ಮದು. ನನಗೂ ಸರಿ ಎನಿಸಿತು. ನನ್ನ ಮೂತ್ರ ತುಂಬಿಸಿ, ಬಾಟಲಿಯನ್ನು ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟೆ. ಎಂಥ ದಡ್ಡಿ ನಾನು!

ಎರಡು ವಾರದ ನಂತರ ಡಾಕ್ಟರ್ ಕಾಗದವೊಂದನ್ನು ಮೇಜಿನ ಮೇಲೆ ಬಿಸಾಕಿದ.

"ಇದರಾಗ ಗುಳಿಗಿ ಸುಳಿವ ಇಲ್ಲ. ನಿಮ್ಮವ್ವ ಒಂದೂ ನುಂಗಿಲ್ಲ. ಯಾರಿಗೆ ಮಾರಾಕತ್ತೀರಿ?"

ನಶೆಗೆಂದೂ ಮಂದಿ ಕೊಳ್ಳುವ ಗುಳಿಗೆಯಂತೆ ಅದು; ಪರೀಕ್ಷೆ ಯಾತಕ್ಕೆಂದು ಆಗ ತಿಳಿಯಿತು. ಕಾಲು ಹಿಡಿದೆ. ಖರೇ ಹೇಳಿದೆ. "ಈಗ ಅಕಿದ ತರ್ತೀನ್ರೀ, ಇನ್ನೊಮ್ಮೆ ನೋಡ್ರೀ" ಎಂದೆ.

"ಕಥಿ ಕಟ್ಟಬ್ಯಾಡ, ನಡಿ" ಎಂದು ಎಬ್ಬಿಸಿ, ಗುಳಿಗೆ ಕೊಡದೆ ಕಳಿಸಿದ.

ಸಿಂಧನೂರಿನ ಔಷಧಿ ಅಂಗಡಿಗಳಿಗೂ ಹೋದೆ. ಡಾಕ್ಟರನ ಚೀಟಿ ಇಲ್ಲದೆ ಆ ಗುಳಿಗೆ ಯಾರೂ ಕೊಡಲಿಲ್ಲ. ಗುಳಿಗೆ ನುಂಗುತ್ತಾಳೋ ಇಲ್ಲವೋ ನೋಡಬೇಕು ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಮ್ಮ ಮನೆಗೆ ಬಂದು ಒಂದು ಗಳಿಗೆ ಅವ್ವನ ಮುಖ ನೋಡಿದ್ದರೆ ಬಾಟಲಿಯೇ ಬೇಕಿರಲಿಲ್ಲ. ನಮ್ಮನ್ನು ಕಳ್ಳರೆಂದು ಮೊದಲೇ ತೀರ್ಮಾನಿಸಿದ್ದ, ಅಷ್ಟೆ.

ಅವ್ವ ಇನ್ನೂ ಒಂದು ತಿಂಗಳು ಬದುಕಿದಳು. ಸೆರಗು ಬಾಯಿಗೆ ತುರುಕಿಕೊಂಡು ಕಿರುಚುತ್ತಿದ್ದಳು, ಓಣಿಗೆ ಕೇಳಿಸಬಾರದೆಂದು. ಏನಾಯಿತೆಂದು ನಾನು ಅವಳಿಗೆ ಹೇಳಲೇ ಇಲ್ಲ. ನೋವು ತುಸು ಬಿಟ್ಟಾಗೆಲ್ಲ ನನ್ನ ಕೈ ಹಿಡಿದು ಕೇಳುವಳು:

"ನಿಂದ ಕೊಟ್ಟಿದ್ದಿಯಲ್ಲ, ಯವ್ವಾ? ಚೊಲೋದ ಇತ್ತಲ್ಲ? ಮತ್ಯಾಕ ಗುಳಿಗಿ ಕೊಡವಲ್ರು?"