ಬೀಗದಣ್ಣ ಕೊಡದ ಸರದಿ

ಬೀಗ ರಿಪೇರಿಯವನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಕರೆಯುವುದು ಬೀಗದಣ್ಣ ಎಂದೇ. ಅವನ ಅಂಗಡಿ ಒಂದು ಬಾಗಿಲಿನಷ್ಟು ಅಗಲ. ಅವನು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಕೀ ಕಳೆದುಕೊಂಡು ಮುಖ ಸಣ್ಣದು ಮಾಡಿಕೊಂಡು ಬಂದವರಿಗೆ ಮೊದಲು ಒಂದು ಸುತ್ತು ಬೈದು, ಆಮೇಲೆ ಪೆಟ್ಟಿಗೆ ಹಿಡಿದು ಅವರ ಹಿಂದೆಯೇ ಹೊರಡುವ ಮನುಷ್ಯ. ಬಾಯಿ ಜೋರು, ಮನಸ್ಸು ಮೆತ್ತಗೆ. ಇವೆರಡರ ನಡುವೆ ಸಿಕ್ಕಿಹಾಕಿಕೊಂಡು ಒದ್ದಾಡುವುದೇ ಅವನ ಪಾಡು.

ಅವನ ಕೈಗೆ ಗಿಟಾರ್ ಕೊಟ್ಟವರು ಅವನ ಹೆಂಡತಿಯ ಅಣ್ಣ. ಆಗ ಈ ಭಾವ ಬಸ್ ಓಡಿಸುತ್ತಿದ್ದರು. ಡ್ಯೂಟಿ ಮುಗಿಸಿ ಬಂದರೆ ಬ್ಯಾಂಜೊ ಹಿಡಿದು ಕೂರುತ್ತಿದ್ದರು. ಅವರ ಮನೆಯ ಬೀಗ ಬದಲಿಸಲು ಹೋದ ನಮ್ಮ ಬೀಗದಣ್ಣ ಬ್ಯಾಂಜೊ ಕೇಳುತ್ತ ಕೇಳುತ್ತ ಸ್ಕ್ರೂಡ್ರೈವರಿನಿಂದ ಬಾಗಿಲ ಮೇಲೆ ತಾಳ ಹಾಕಿದನಂತೆ. "ಕೈಯಲ್ಲಿ ತಾಳ ಇದೆಯಲ್ಲೋ, ಬಾ ಕೂತ್ಕೋ" ಎಂದರಂತೆ ಭಾವ. ಕೂತವನು ಏಳಲೇ ಇಲ್ಲ. ಬೀಗ ಹಾಕಲು ಹೋಗಿ ಗಿಟಾರು, ಹೆಂಡತಿ ಎರಡನ್ನೂ ಹೊಡೆದುಕೊಂಡು ಬಂದವನು ಎಂದು ನಾವು ಇವತ್ತಿಗೂ ಅವನ ಕಾಲೆಳೆಯುತ್ತೇವೆ.

ನಮ್ಮ ತಂಡ ತಿಂಗಳಿಗೊಂದು ಸಂಜೆ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಬಾರಿಸುತ್ತದೆ. ಮಡಿಸುವ ಕುರ್ಚಿಗಳು, ಕೆಳಗಿನಿಂದ ಏರಿಬರುವ ರಬ್ಬರ್ ವಾಸನೆ, ಕಾಲಿಟ್ಟರೆ ಕಿರುಗುಟ್ಟುವ ಹಲಗೆಯ ನೆಲ. ಮೊದಲು ನಿಧಾನದ ಜನಪದ ಹಾಡುಗಳು, ಆಮೇಲೆ ಅಮೆರಿಕದ ಹಳ್ಳಿಗಾಡಿನ ಬ್ಲೂಗ್ರಾಸ್. ಅದರಲ್ಲಿ ಡ್ರಮ್ ಇರುವುದಿಲ್ಲ, ಎಲ್ಲವೂ ತಂತಿಗಳದ್ದೇ ಓಟ. ಬೀಗದಣ್ಣನದು ಗಿಟಾರು, ಭಾವನದು ಬ್ಯಾಂಜೊ, ಆಸ್ಪತ್ರೆಯ ನರ್ಸಮ್ಮನದು ಪಿಟೀಲು. ಹಿಂದೆ ಪಿಟೀಲಿನದೇ ಆಕಾರದ, ಆಳೆತ್ತರದ ಬಾಸ್ ತಬ್ಬಿಕೊಂಡು ನಿಲ್ಲುವವನು ನಾನು.

ನಾವೆಲ್ಲ ಒಂದೇ ಮೈಕಿನ ಸುತ್ತ ನಿಲ್ಲುತ್ತೇವೆ. ಹಾಡಿನ ನಡುವೆ ಒಬ್ಬೊಬ್ಬರಾಗಿ ಮೈಕಿನ ಹತ್ತಿರ ಬಂದು, ತಮ್ಮ ಕೈಚಳಕ ತೋರಿಸಿ, ಹಿಂದೆ ಸರಿದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಯಾರ ಸರದಿ ಎಂದು ಮುಂದಾಳು ಆ ಗಳಿಗೆಯಲ್ಲೇ ನಿರ್ಧರಿಸುತ್ತಾನೆ. ಅವನು ನಿಮ್ಮ ಕಣ್ಣು ನೋಡಿ ಸಣ್ಣಗೆ ತಲೆಯಾಡಿಸಿದರೆ ಸರದಿ ನಿಮ್ಮದು. ಆಡಿಸದಿದ್ದರೆ ಎಷ್ಟು ದೊಡ್ಡವರಾದರೂ ನಿಂತಲ್ಲೇ ನಿಲ್ಲಬೇಕು.

ಮೊದಲು ಭಾವನೇ ಮುಂದಾಳು. ಬೀಗದಣ್ಣ ಹೊಸದರಲ್ಲಿ ಸರದಿ ಸಿಕ್ಕಾಗಲೆಲ್ಲ ಏನಾದರೂ ಎಡವಟ್ಟು ಮಾಡುತ್ತಿದ್ದ. ಕೇಳುವವರು ನಗು ತಡೆಯಲು ಕೆಮ್ಮುತ್ತಿದ್ದರು. ಆದರೂ ಭಾವ ಒಂದು ಹಾಡಿನಲ್ಲೂ ಅವನನ್ನು ಬಿಟ್ಟು ಮುಂದೆ ಹೋದವರಲ್ಲ. ಅವನ ಕೈ ಕುದುರಿದ ಮೇಲೆ ಮುಂದಾಳುತನವನ್ನೂ ಅವನಿಗೇ ಒಪ್ಪಿಸಿ ಪಕ್ಕಕ್ಕೆ ನಿಂತರು.

ಈಚೆಗೆ ಭಾವನ ಬೆರಳುಗಳು ಬಿಗಿದುಕೊಳ್ಳುತ್ತಿದ್ದವು. ವೇಗದ ಹಾಡಿನಲ್ಲಿ ಅವರು ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದರು, ಕೆಲವೊಮ್ಮೆ ತಂತಿಯೇ ತಪ್ಪುತ್ತಿತ್ತು. ನಮಗೆಲ್ಲ ಗೊತ್ತಿತ್ತು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಆ ತಿಂಗಳು ರೇಡಿಯೋದವರು ನಮ್ಮ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳಲು ಬಂದರು. ಬೀಗದಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಎಲ್ಲರ ತಂತಿಗಳ ಶ್ರುತಿಯನ್ನೂ ತಾನೇ ಮತ್ತೊಮ್ಮೆ ನೋಡಿ ಕಾಟ ಕೊಟ್ಟ. ಕೊನೆಯ ಧಾಟಿ ಭಾವನೇ ಕಟ್ಟಿದ್ದು. ಅದರ ನಟ್ಟನಡುವೆ ಬ್ಯಾಂಜೊ ಒಂಟಿಯಾಗಿ ಓಡುವ ಜಾಗವಿದೆ. ಭಾವ ಅದಕ್ಕಾಗಿ ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರೆಂದು ಬೀಗದಣ್ಣನ ಹೆಂಡತಿ ನಮಗೆ ಮೊದಲೇ ಹೇಳಿದ್ದಳು.

ಆ ಜಾಗ ಬಂತು. ಭಾವ ಬೀಗದಣ್ಣನ ಮುಖ ನೋಡಿದರು. ಅವರ ಒಂದು ಕಾಲು ಆಗಲೇ ಮುಂದೆ ಬಂದಿತ್ತು. ಬೀಗದಣ್ಣನೂ ಅವರನ್ನೇ ನೋಡಿದ. ನಾನು ಹಿಂದಿನಿಂದ ಕಣ್ಣಾರೆ ಕಂಡೆ. ನೋಡಿ, ತಟ್ಟನೆ ಕತ್ತು ತಿರುಗಿಸಿ ನರ್ಸಮ್ಮನಿಗೆ ತಲೆಯಾಡಿಸಿಬಿಟ್ಟ. ಆಕೆ ಪಾಪ ಗಾಬರಿಯಲ್ಲೇ ಮುಂದೆ ನುಗ್ಗಿ ಬಾರಿಸಿದಳು. ಭಾವ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಪಿಟೀಲು ಸೊಗಸಾಗಿ ಬಂತು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಅವನ ಬೆನ್ನಿಗೊಂದು ಗುದ್ದಬೇಕೆನಿಸಿತು. ಬಾಸ್ ಕೆಳಗಿಡಲು ಜಾಗವಿರಲಿಲ್ಲ.

ಹಿಂದಿನ ಕೋಣೆಯಲ್ಲಿ ವಾದ್ಯಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದೆವು. ಚಪ್ಪಾಳೆ ಗಿಟ್ಟಿಸಿದ ಬೀಗದಣ್ಣನ ಮುಖದಲ್ಲಿ ಕಳೆಯೇ ಇರಲಿಲ್ಲ. ಗಿಟಾರಿನ ಪಟ್ಟಿ ಬಿಚ್ಚುವುದು, ಮತ್ತೆ ಕಟ್ಟುವುದು, ಇದೇ ಮಾಡುತ್ತಿದ್ದ. ಭಾವನೇ ಮಾತು ತೆಗೆದರು.

"ಇವತ್ತು ನಂದೇ ತಪ್ಪಾಯ್ತು ಕಣೋ. ನೀನು ತಲೆ ಆಡಿಸಿದ್ದು ನಂಗೆ ಕಾಣಲೇ ಇಲ್ಲ. ಆ ಲೈಟು ನೇರ ಕಣ್ಣಿಗೇ ಹೊಡೀತಿತ್ತು. ವಯಸ್ಸಾಯ್ತು ನೋಡು."

ಬೀಗದಣ್ಣನಿಗೆ ಅದು ಬೈಗುಳಕ್ಕಿಂತ ಜೋರಾಗಿ ತಗಲಿತು. ಗಿಟಾರಿನ ಪಟ್ಟಿಯನ್ನು ಕೈಬಿಟ್ಟ. "ಇಲ್ಲ ಭಾವ. ನಾನು ಆಡಿಸಲೇ ಇಲ್ಲ. ಬೇಕಂತಲೇ ಬಿಟ್ಟೆ. ರೇಡಿಯೋದವ್ರು ಇದ್ರಲ್ಲ... ನಿಮ್ಮ ಕೈ ಎಲ್ಲಿ ತಪ್ಪುತ್ತೋ ಅಂತ ಹೆದರಿಕೊಂಡೆ. ನಾನು ಮಾಡಿದ್ದು ತಪ್ಪು."

ಭಾವ ಬ್ಯಾಂಜೊ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

"ಗೊತ್ತು ಕಣೋ. ನಾನು ನಿನ್ನ ಎದುರಿಗೇ ನಿಂತಿದ್ದೆ. ಅದಕ್ಕೇ ಕಣ್ಣಿನ ಮೇಲೆ ಹಾಕಿದೆ. ನೀನು ಹೂಂ ಅಂದು ಸುಮ್ನಾಗಿದ್ರೆ ಇಬ್ಬರ ಮರ್ಯಾದೆನೂ ಉಳೀತಿತ್ತು. ಈಗ ಹೇಳ್ಕೊಂಡು ನೀನು ಹಗುರ ಆದೆ. ನಾನು ಇದನ್ನ ಎಲ್ಲಿಟ್ಕೊಳ್ಳಲಿ?"

ಅಷ್ಟರಲ್ಲಿ ಬೀಗದಣ್ಣನ ಹೆಂಡತಿ ಹಾಲ್‌ನಿಂದ ಒಳಗೆ ಬಂದಳು.

"ಅಣ್ಣ, ನಿನ್ನ ಜಾಗದಲ್ಲಿ ಯಾಕೆ ಬಾರಿಸಲಿಲ್ಲ? ಮುಂದೆ ಬಂದೋನು ಹಿಂದೆ ಹೋದೆಯಲ್ಲ!"

"ಕಣ್ಣು ಮಂಜಾಗಿದೆ ಕಣಮ್ಮ. ಇವನು ತಲೆ ಆಡಿಸಿದ್ದು ಕಾಣಲಿಲ್ಲ" ಎಂದರು ಭಾವ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ.

"ಹೌದೇನ್ರೀ?" ಎಂದು ಅವಳು ಗಂಡನ ಕಡೆ ತಿರುಗಿದಳು.

"ಹೌದು" ಎಂದ ಬೀಗದಣ್ಣ. ಬೇರೇನು ಹೇಳುತ್ತಾನೆ?

"ಹೌದು ಅಂತ ಎಷ್ಟು ಆರಾಮಾಗಿ ಹೇಳ್ತೀರಿ! ಇಷ್ಟು ದಿನ ಪಕ್ಕದಲ್ಲೇ ನಿಂತು ಬಾರಿಸ್ತೀರಿ, ಗೊತ್ತಾಗಲಿಲ್ವಾ? ನಾಳೆ ಅಂಗಡಿ ಮುಚ್ಚಿ. ನೀವೇ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಕನ್ನಡಕ ಇಲ್ಲದೆ ಇಬ್ಬರೂ ಮನೆಗೆ ಬರಬೇಡಿ."

ಮುಂದಿನದನ್ನು ಬೀಗದಣ್ಣನೇ ನನಗೆ ಹೇಳಿದ್ದು. ಕೀ ಉಜ್ಜುತ್ತ, ತಲೆ ಎತ್ತದೆ ಹೇಳಿದ.

ಮಾರನೆಯ ದಿನ ಇಬ್ಬರೂ ಬಸ್ ಸ್ಟಾಪಿನಲ್ಲಿ ಮಾತಿಲ್ಲದೆ ನಿಂತಿದ್ದರಂತೆ. ರಸ್ತೆಯ ಆ ತುದಿಯ ತಿರುವಿನಲ್ಲಿ ಬಸ್ಸು ಕಾಣಿಸಿದ್ದೇ ತಡ, ಭಾವ ಹಳೆಯ ಅಭ್ಯಾಸದಲ್ಲಿ ಅದರ ಬೋರ್ಡನ್ನು ಪೂರ್ತಿ ಓದಿ, "ಇದಲ್ಲ, ಹಿಂದಿನದು" ಎಂದರಂತೆ. ಬೀಗದಣ್ಣನಿಗೆ ಆ ಬಸ್ಸಿನ ಬಣ್ಣವೂ ಸರಿಯಾಗಿ ಕಂಡಿರಲಿಲ್ಲ.

ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮೇಲಿನ ದಪ್ಪ ಸಾಲನ್ನು ಭಾವ ಓದಿದರು. ಅದರ ಕೆಳಗಿನದರಲ್ಲಿ ಒಂದೆರಡು ತಪ್ಪಿದರು. ಇನ್ನೂ ಕೆಳಗೆ ಹೋದಾಗ, "ಅದೇನು ಸ್ವಾಮಿ, ಇರುವೆ ಹರಿದಾಡ್ತಿದೆಯಾ?" ಎಂದರು. ಡಾಕ್ಟರು ನಕ್ಕರು. ಹಿಂದಿನ ಸ್ಟೂಲಿನ ಮೇಲೆ ಕೂತಿದ್ದ ಬೀಗದಣ್ಣನ ಕಿವಿ ಕೆಂಪಗಾಯಿತು. ಭಾವ ತನಗಾಗಿ, ತನ್ನ ಹೆಂಡತಿಯ ಮುಂದೆ ತನ್ನ ಮಾನ ಉಳಿಸಲಿಕ್ಕಾಗಿ, ಒಳ್ಳೆಯ ಕಣ್ಣನ್ನು ಕೆಟ್ಟದ್ದೆಂದು ಸಾಬೀತು ಮಾಡುತ್ತಿದ್ದಾರೆ. ಎದ್ದು ನಿಜ ಹೇಳಿಬಿಡಲೇ ಎಂದುಕೊಂಡ. ಹಿಂದಿನ ದಿನ ನಿಜ ಹೇಳಿ ಏನಾಗಿತ್ತೆಂದು ನೆನಪಾಗಿ ಸ್ಟೂಲಿಗೇ ಅಂಟಿಕೊಂಡು ಕೂತ.

"ಅಳೋದಕ್ಕೂ ಅಲ್ಲಿ ಜಾಗ ಇರಲಿಲ್ಲ ಮಾರಾಯ" ಎಂದ ನನ್ನ ಹತ್ತಿರ.

ಕನ್ನಡಕ ತಯಾರಾದ ದಿನವೂ ಅವನೇ ಜೊತೆಗೆ ಹೋಗಿದ್ದ. ಅಂಗಡಿಯ ಕನ್ನಡಿಯ ಮುಂದೆ ಭಾವ ಅದನ್ನು ಹಾಕಿಕೊಂಡು, ಆ ಕಡೆ ಈ ಕಡೆ ತಿರುಗಿ ನೋಡಿಕೊಂಡರು. ಬೇಡದ ಗಾಜಿನ ಹಿಂದೆ ಅವರ ಕಣ್ಣುಗಳಲ್ಲಿ ನೀರಾಡುತ್ತಿತ್ತಂತೆ. ಆಮೇಲೆ ಬೀಗದಣ್ಣನ ಕಡೆ ತಿರುಗಿ, ಸಿಟ್ಟೂ ಇಲ್ಲದ ನಗುವೂ ಇಲ್ಲದ ದನಿಯಲ್ಲಿ ಹೇಳಿದರಂತೆ:

"ನಿಂಗೆ ಹೇಳಿರ್ತೀನಿ. ಇನ್ಮೇಲೆ ನೀನು ತಲೆ ಆಡಿಸಿದ್ರೂ ಕಾಣುತ್ತೆ, ಆಡಿಸದೇ ಇದ್ರೂ ಕಾಣುತ್ತೆ."